ಹಿಮಾದ್ರಿ ಎಂಬ ಬಾಡಿಗೆ ಮನೆ: ನೀ-ಓಲೆಸುಂಡ್ ಸೌಕರ್ಯಗಳ ವಿಮರ್ಶೆ

ಮೈತ್ರಿ, ಭಾರತಿ ಎಂಬ ನಮ್ಮ ಧ್ರುವ ಸಂಶೋಧನಾ ಕೇಂದ್ರಗಳ ಜೊತೆಗೇ ಹಿಮಾದ್ರಿಯ ಹೆಸರೂ ಬರುವುದರಿಂದ ಅದನ್ನೂ ನಾವೇ ಕಟ್ಟಿಕೊಂಡಿದ್ದೇವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಅಂಟಾರ್ಕ್ಟಿಕಾದ ಭಾರತಿ 134 ಕಂಟೇನರುಗಳನ್ನು ಜೋಡಿಸಿ ನಿಲ್ಲಿಸಿದ ಸ್ವಂತ ಕಟ್ಟಡ, 2012ರಿಂದ ನಡೆಯುತ್ತಿದೆ. ಆರ್ಕ್ಟಿಕ್‌ನ ಹಿಮಾದ್ರಿ ಬಾಡಿಗೆ ಮನೆ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ನೀ-ಓಲೆಸುಂಡ್ ಎಂಬ ಪುಟ್ಟ ಊರಿದೆ. ಊರಿಗೆ ಊರೇ ಕಿಂಗ್ಸ್ ಬೇ ಎಂಬ ಸರ್ಕಾರಿ ಕಂಪನಿಯ ಸ್ವತ್ತು. ಜರ್ಮನಿ, ಫ್ರಾನ್ಸ್, ಚೀನಾ, ಕೊರಿಯಾ, ಜಪಾನ್, ಇಟಲಿ, ಬ್ರಿಟನ್, ನೆದರ್ಲೆಂಡ್ಸ್ ಎಲ್ಲರೂ ಅದರ ಬಾಡಿಗೆದಾರರು, ನಾವೂ ಅವರಲ್ಲೊಬ್ಬರು. ಹಾಗಾಗಿ ಹಿಮಾದ್ರಿ ಹೇಗಿದೆ ಎಂದು ಕೇಳುವವರು ಮನೆ ಮಾಲೀಕ ಹೇಗಿದ್ದಾನೆ ಎಂದೂ ಕೇಳಬೇಕು. ಕರೆಂಟು, ನೀರು, ಊಟ, ವಿಮಾನ, ದೋಣಿ, ಕೋವಿ ಎಲ್ಲವೂ ಅವನ ಕೈಯಲ್ಲಿ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಉಪಕರಣಗಳಿಗೆ ಇಷ್ಟು ಒಳ್ಳೆಯ ವಸತಿ ಆ ಅಕ್ಷಾಂಶದಲ್ಲಿ ಸಿಗುವುದು ಕಷ್ಟ. ಮನುಷ್ಯರಿಗೂ ಚೆನ್ನಾಗಿಯೇ ಇದೆ. ಆದರೆ ಇಲ್ಲಿನ ನಿಯಮಪಟ್ಟಿಯನ್ನು ಬೆಂಗಳೂರಲ್ಲೋ ಧಾರವಾಡದಲ್ಲೋ ಕುಳಿತು ಸರಿಯಾಗಿ ಓದದೆ ಉಪಕರಣ ಕಟ್ಟಿಕೊಂಡು ಹೋದವರಿಗೆ ಒಂದು ಇಡೀ ಋತು ನೀರಿಗೆ ಬೀಳುತ್ತದೆ. ಮರುವರ್ಷದ ಸರದಿ ಸಿಗುತ್ತದೆಂಬ ಭರವಸೆಯಿಲ್ಲ.

ಊರು ಇರುವುದು 78 ಡಿಗ್ರಿ 55 ನಿಮಿಷ ಉತ್ತರದಲ್ಲಿ, ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲತೋಳಿನ ದಕ್ಷಿಣ ದಡದ ಮೇಲೆ. ಉತ್ತರ ಧ್ರುವ ಅಲ್ಲಿಂದ ಸುಮಾರು 1,230 ಕಿ.ಮೀ. ಅಷ್ಟು ಮೇಲಿದ್ದರೂ ನಾವು ಊಹಿಸುವಷ್ಟು ಕೊರೆಯುವ ಜಾಗವಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಸ್ಪಿಟ್ಸ್‌ಬರ್ಗನ್ ದ್ವೀಪದ ಪಶ್ಚಿಮ ದಡವನ್ನು ಸವರಿಕೊಂಡು ಹೋಗುವುದರಿಂದ ಜುಲೈನಲ್ಲಿ ಐದಾರು ಡಿಗ್ರಿ ಇರುತ್ತದೆ. ಇದು ತಿಳಿಯದೆ ಅಂಟಾರ್ಕ್ಟಿಕಾದ ದಪ್ಪ ಕೋಟು ಹೊತ್ತು ಬೇಸಿಗೆಯಲ್ಲಿ ಹೋದರೆ ಬೆವರಿ ಒದ್ದೆಯಾಗುವುದೇ ಸರಿ. ಬೇಸಿಗೆಯ ನಿಜವಾದ ಶತ್ರು ಕೆಸರು, ತುಂತುರು ಮತ್ತು ಗಾಳಿ. ಮೊಣಕಾಲವರೆಗಿನ ರಬ್ಬರ್ ಬೂಟು, ಒಳಗೆ ಉಣ್ಣೆಯ ಎರಡು ಪದರ, ಮೇಲೆ ಗಾಳಿ ನೀರು ಎರಡನ್ನೂ ತಡೆಯುವ ತೆಳು ಹೊದಿಕೆ ಸಾಕು. ಹತ್ತಿ ಬನಿಯನ್ನು ಮಾತ್ರ ಬೇಡ, ಒಮ್ಮೆ ಒದ್ದೆಯಾದರೆ ಮೈಮೇಲೆ ಒಣಗುವುದಿಲ್ಲ.

ಹಿನ್ನೆಲೆ ಚಿಕ್ಕದಾಗಿ. ಇದು ಕಲ್ಲಿದ್ದಲ ಗಣಿಯ ಊರು. 1917ರಿಂದ ಬಿಟ್ಟು ಬಿಟ್ಟು ಗಣಿ ನಡೆಯಿತು. 1962ರ ನವೆಂಬರ್ 5ರ ಸ್ಫೋಟದಲ್ಲಿ 21 ಮಂದಿ ಸತ್ತರು, ಮರುವರ್ಷ ಗಣಿ ಮುಚ್ಚಿತು, ಅದೇ ವಿವಾದದಲ್ಲಿ ನಾರ್ವೆಯ ಸರ್ಕಾರವೂ ಉರುಳಿತು. 1926ರಲ್ಲಿ ಧ್ರುವ ಅನ್ವೇಷಕರಾದ ಅಮುಂಡ್ಸೆನ್, ನೋಬಿಲೆ ಮತ್ತು ಎಲ್ಸ್‌ವರ್ತ್ 'ನೋರ್ಗೆ' ಎಂಬ ವಾಯುನೌಕೆಯಲ್ಲಿ ಧ್ರುವದತ್ತ ಹೊರಟದ್ದು ಇಲ್ಲಿಂದಲೇ. ಅದನ್ನು ಕಟ್ಟಿದ್ದ ಕಬ್ಬಿಣದ ಕಂಬ ಇವತ್ತಿಗೂ ನಿಂತಿದೆ. ಈ ಇತಿಹಾಸ ಬರೀ ಫೋಟೊಗೆ ಅಂದುಕೊಳ್ಳಬೇಡಿ. ಸ್ವಾಲ್ಬಾರ್ಡ್‌ನಲ್ಲಿ 1946ಕ್ಕಿಂತ ಹಿಂದಿನ ಯಾವ ಮಾನವ ಕುರುಹಾದರೂ ತಾನೇ ತಾನಾಗಿ ರಕ್ಷಿತ ಸ್ಮಾರಕ. ತುಕ್ಕು ಹಿಡಿದ ಹಳಿಯ ತುಂಡು, ಕೊಳೆತ ಮರದ ದಿಮ್ಮಿ, ಎಲ್ಲವೂ. ನಿಮ್ಮ ಸೆನ್ಸರ್‌ಗೆ ಊರ ಹೊರಗಿನ ಹಳೆಯ ಕಂಬ ಅನುಕೂಲವಾಗಿ ಕಂಡರೂ ಅದಕ್ಕೊಂದು ಕ್ಲಾಂಪು ಬಿಗಿಯುವ ಹಾಗಿಲ್ಲ. ಸ್ವಂತ ತ್ರಿಪಾದಿ ಒಯ್ಯಬೇಕು, ಅದನ್ನು ನೆಡುವುದಕ್ಕೂ ಅನುಮತಿ ಇರಬೇಕು.

ಅನುಮತಿಯ ದಾರಿ ಹೀಗಿದೆ. ಭಾರತದಿಂದ ಹೋಗುವವರಿಗೆ ಬಾಗಿಲು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅವರು ಪ್ರಸ್ತಾವನೆ ಕರೆಯುತ್ತಾರೆ, ಆಯ್ಕೆ ಮಾಡುತ್ತಾರೆ. ಆಮೇಲೆ 'ರಿಸರ್ಚ್ ಇನ್ ಸ್ವಾಲ್ಬಾರ್ಡ್' ಎಂಬ ತಾಣದಲ್ಲಿ ಯೋಜನೆಯನ್ನು ನೋಂದಾಯಿಸಿ ಒಂದು ಸಂಖ್ಯೆ ಪಡೆಯಬೇಕು. ಹಾಸಿಗೆ, ಪ್ರಯೋಗಾಲಯ, ದೋಣಿಯ ಕೋರಿಕೆ ಎಲ್ಲ ಆ ಸಂಖ್ಯೆಯ ಮೇಲೆಯೇ ಸಾಗುತ್ತದೆ. ಮಾದರಿ ಸಂಗ್ರಹ, ಊರಾಚೆಯ ಕ್ಷೇತ್ರಕಾರ್ಯಕ್ಕೆ ಸ್ವಾಲ್ಬಾರ್ಡ್‌ನ ಗವರ್ನರ್ ಕಚೇರಿಯ ಒಪ್ಪಿಗೆ ಬೇರೆ. ಕಳೆದುಹೋದರೆ ಹುಡುಕಿ ತರುವ ಖರ್ಚಿಗೆ ವಿಮೆಯನ್ನೂ ಅವರು ಕೇಳುತ್ತಾರೆ.

ವೀಸಾದ ವಿಷಯದಲ್ಲಿ ಒಂದು ಹಳ್ಳವಿದೆ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಎನ್ನುವುದು ನಿಜ. 1920ರ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಬ್ರಿಟಿಷ್ ಇಂಡಿಯಾದ ಪರವಾಗಿಯೂ ಸಹಿ ಬಿದ್ದಿದೆ. ಆದರೆ ಅಲ್ಲಿಗೆ ಹೋಗುವ ವಿಮಾನ ಓಸ್ಲೊ ಅಥವಾ ಟ್ರಾಮ್ಸೊದಿಂದ ಹೊರಡುತ್ತದೆ, ಅದಕ್ಕೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ ಬೇಕು. ಸ್ವಾಲ್ಬಾರ್ಡ್ ಶೆಂಗೆನ್‌ನ ಹೊರಗಿರುವುದರಿಂದ ಓಸ್ಲೊ ಬಿಟ್ಟ ಕ್ಷಣ ನೀವು ಶೆಂಗೆನ್‌ನಿಂದ ಹೊರಬಿದ್ದಂತೆ, ಹಿಂದಿರುಗುವಾಗ ಎರಡನೆಯ ಸಲ ಒಳಬರುತ್ತೀರಿ. ಒಂದೇ ಪ್ರವೇಶದ ವೀಸಾ ಹಿಡಿದು ಹೋದವರಿಗೆ ವಾಪಸು ಬರುವ ದಾರಿಯೇ ಇರುವುದಿಲ್ಲ. ಅರ್ಜಿಯಲ್ಲಿ ಎರಡು ಪ್ರವೇಶ ಎಂದು ಗುರುತು ಹಾಕಿ, ಕೈಗೆ ಬಂದ ಸ್ಟಿಕ್ಕರಿನ ಮೇಲೆ ಅದೇ ಇದೆಯೇ ಎಂದು ಇನ್ನೊಮ್ಮೆ ನೋಡಿ. ಸುಂಕದ್ದೂ ಇದೇ ಕಥೆ. ಸ್ವಾಲ್ಬಾರ್ಡ್ ನಾರ್ವೆಯ ಸುಂಕ ವ್ಯಾಪ್ತಿಗೂ ಸೇರಿಲ್ಲ. ಉಪಕರಣದ ಪೆಟ್ಟಿಗೆ ನಾರ್ವೆಯನ್ನು ಹಾದುಹೋಗುವ ಸರಕು ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಮರದ ಪೆಟ್ಟಿಗೆಯಾದರೆ ಶಾಖ ಸಂಸ್ಕಾರದ ಮುದ್ರೆ ಇರಲೇಬೇಕು.

ಕೊನೆಯ ಹಂತ ಸ್ವಾಲ್ಬಾರ್ಡ್‌ನ ಮುಖ್ಯ ಪಟ್ಟಣ ಲಾಂಗ್‌ಇಯರ್‌ಬೀನ್‌ನಿಂದ ಸುಮಾರು 110 ಕಿ.ಮೀ. ರಸ್ತೆ ಇಲ್ಲ. ಬಹುಕಾಲದಿಂದ ಈ ದಾರಿಯಲ್ಲಿ ಹಾರುತ್ತಿರುವುದು ಹದಿನಾಲ್ಕು ಸೀಟಿನ ಡಾರ್ನಿಯರ್ 228, ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ಅದೇ ಜಾತಿಯ ವಿಮಾನ. ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ವಾರಕ್ಕೆ ಕೆಲವೇ ಹಾರಾಟ, ಮಂಜು ಕವಿದರೆ ಅದೂ ಇಲ್ಲ. ಲಗೇಜು ಕೈಚೀಲ ಸೇರಿ 20 ಕಿಲೊ, ಮೇಲಿನದಕ್ಕೆ ಕಿಲೊ ಲೆಕ್ಕದಲ್ಲಿ ದುಡ್ಡು, ಜಾಗವಿದ್ದರೆ ಮಾತ್ರ. ಇದು ಈ ಸೇವೆಯ ಬಹಳ ಬಿಗಿಯಾದ ಕೊಂಡಿ. ಬ್ಯಾಟರಿ, ತ್ರಿಪಾದಿ, ಮಾದರಿ ಬಾಟಲಿಗಳನ್ನು ತಿಂಗಳುಗಟ್ಟಲೆ ಮುಂಚೆ ಹಡಗಿನ ಸರಕಾಗಿ ಕಳಿಸಿ, ಮೈಮೇಲೆ ಒಯ್ಯುವುದು ಸೆನ್ಸರ್ ತಲೆ, ಅಳತೆಗಳನ್ನು ದಾಖಲಿಸುವ ಲಾಗರ್, ಹಾರ್ಡ್‌ಡಿಸ್ಕ್ ಮಾತ್ರ ಎಂದು ಯೋಜಿಸಿದವರಿಗೆ ತೊಂದರೆಯಿಲ್ಲ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಸಾಮಾನಿನಲ್ಲಿ ಹೋಗುವುದಿಲ್ಲ. 100 ವಾಟ್-ಅವರ್‌ವರೆಗೆ ಕೈಚೀಲದಲ್ಲಿ ಸರಿ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ, ಅದಕ್ಕೂ ದೊಡ್ಡದು ಪ್ರಯಾಣಿಕರ ವಿಮಾನ ಹತ್ತುವಂತಿಲ್ಲ. ನಡುವೆ ಮೂರು ನಾಲ್ಕು ವಿಮಾನ ಬದಲಿಸುವ ಪಯಣ. ಒಂದು ಕಡೆ ತಡೆದರೆ ಸಾಕು.

ಇನ್ನು ಮನೆ. ಹಿಮಾದ್ರಿ 2008ರ ಜುಲೈ 1ರಂದು ತೆರೆಯಿತು. ಸುಮಾರು 220 ಚದರ ಮೀಟರು, ನಾಲ್ಕು ಮಲಗುವ ಕೋಣೆ, ಎಂಟು ಮಂದಿಗೆ ಜಾಗ, ಕಂಪ್ಯೂಟರ್ ಕೋಣೆ, ಉಗ್ರಾಣ, ಕೂರುವ ಹಜಾರ. ಬಾಗಿಲ ಹತ್ತಿರವೇ ಬೂಟು ಬಿಡುವುದು ಊರಿನ ಎಲ್ಲ ಮನೆಗಳ ಕಟ್ಟುನಿಟ್ಟು. ಗಣಿಗಾರರ ಕಾಲದಲ್ಲಿ ಕಲ್ಲಿದ್ದಲ ಧೂಳಿಗಾಗಿ ಶುರುವಾದದ್ದಂತೆ, ಕನ್ನಡದವರಿಗೆ ಹೇಳಿಕೊಡಬೇಕಾದ ಪಾಠವೇನಲ್ಲ. ಒಳಗೆ ಹಾಕಲು ಒಂದು ಜೊತೆ ಚಪ್ಪಲಿ ಒಯ್ದರಾಯಿತು. ಡೀಸೆಲ್ ಜನರೇಟರಿನ ವ್ಯರ್ಥ ಶಾಖವನ್ನೇ ಕೊಳವೆಗಳಲ್ಲಿ ಮನೆಮನೆಗೆ ಹರಿಸಿ ಬೆಚ್ಚಗಿಡುತ್ತಾರೆ, ಆದ್ದರಿಂದ ಕೋಣೆ ಬೆಚ್ಚಗಿರುತ್ತದೆ, ಬಿಸಿನೀರಿಗೂ ಕೊರತೆಯಿಲ್ಲ. ಬೇಸಿಗೆಯಲ್ಲಿ ಸಿಗುವ ಒಂದೇ ಕಿರಿಕಿರಿ ಬೆಳಕು. ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಪರದೆ ಎಷ್ಟೇ ದಪ್ಪವಿದ್ದರೂ ಒಂದು ಕಣ್ಪಟ್ಟಿ ಜೊತೆಗಿರಲಿ, ಇಲ್ಲವಾದರೆ ಮೂರನೆಯ ದಿನಕ್ಕೆ ತಲೆ ಕೆಲಸ ನಿಲ್ಲಿಸುತ್ತದೆ.

ಅಡುಗೆಯ ತಾಪತ್ರಯವಿಲ್ಲ. ಊರಿಗೆಲ್ಲ ಒಂದೇ ಮೆಸ್, ಮೂರು ಹೊತ್ತೂ ಅಲ್ಲೇ, ದಿನದ ಬಾಡಿಗೆಯಲ್ಲೇ ಊಟದ ಲೆಕ್ಕವೂ ಬರುತ್ತದೆ. ಬ್ರೆಡ್ಡು, ಚೀಸು, ಮೀನು, ಮಾಂಸ, ಆಲೂಗಡ್ಡೆ, ಕಾಫಿ ಧಾರಾಳ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಬೇಕು, ಅಲ್ಲಿ ಹೋಗಿ ಹೇಳುವುದಲ್ಲ. ತರಕಾರಿ ಹಡಗಿನಲ್ಲೋ ವಿಮಾನದಲ್ಲೋ ಬರಬೇಕಾದ ಊರಲ್ಲಿ ಲೆಕ್ಕ ಮೊದಲೇ ಆಗಿರುತ್ತದೆ. ಹೊಟ್ಟೆ ತುಂಬುತ್ತದೆ, ನಾಲಿಗೆಗೆ ಖಾರ ಸಾಲದು. ಒಂದು ಡಬ್ಬ ಚಟ್ನಿಪುಡಿ, ಒಂದಿಷ್ಟು ಉಪ್ಪಿನಕಾಯಿ 20 ಕಿಲೊದಲ್ಲಿ ಹಿಡಿಯುತ್ತದೆ, ಹಿಡಿಸಬೇಕು ಕೂಡ. ಶನಿವಾರ ರಾತ್ರಿಯೂಟಕ್ಕೆ ಎಲ್ಲರೂ ಸ್ವಲ್ಪ ಚೆನ್ನಾಗಿ ಉಟ್ಟು ಬರುವ ರೂಢಿಯಿದೆ, ಒಂದು ಇಸ್ತ್ರಿ ಅಂಗಿ ಇರಲಿ. ಮೆಸ್ಸಿನ ನಿಜವಾದ ಲಾಭ ತಟ್ಟೆಯಲ್ಲಿಲ್ಲ. ಹತ್ತು ದೇಶಗಳ ಹವಾಮಾನ, ಹಿಮನದಿ, ಕಡಲ ತಜ್ಞರು ಒಂದೇ ಕೋಣೆಯಲ್ಲಿ ಉಣ್ಣುತ್ತಾರೆ. ನಿಮ್ಮ ಪಂಪು ಕೆಟ್ಟರೆ ಬಿಡಿಭಾಗ ಯಾರ ಉಗ್ರಾಣದಲ್ಲಿದೆ ಎಂದು ಮಧ್ಯಾಹ್ನದೂಟ ಮುಗಿಯುವುದರೊಳಗೆ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ: ರೇಡಿಯೊ ಮೌನ. ಊರಿನ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ 2ರಿಂದ 32 ಗಿಗಾಹರ್ಟ್ಸ್ ನಡುವೆ ವಿಶೇಷ ಅನುಮತಿಯಿಲ್ಲದೆ ಯಾರೂ ಏನನ್ನೂ ಪ್ರಸಾರ ಮಾಡುವಂತಿಲ್ಲ. ಕಾರಣ ನಾರ್ವೆಯ ಭೂಮಾಪನ ಇಲಾಖೆಯ ರೇಡಿಯೊ ದೂರದರ್ಶಕಗಳು. ಮೊದಲು 20 ಮೀಟರಿನ ಒಂದು ತಟ್ಟೆ ಇತ್ತು, 2018ರಲ್ಲಿ 13.2 ಮೀಟರಿನ ಜೋಡಿ ಆಂಟೆನಾಗಳನ್ನು ಪಕ್ಕದ ಬ್ರಾಂಡಾಲ್‌ನಲ್ಲಿ ಉದ್ಘಾಟಿಸಿದರು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ (ಅತಿ ಪ್ರಖರ ಗೆಲಾಕ್ಸಿ ಕೇಂದ್ರಗಳ) ಸಂಕೇತ ಇಲ್ಲಿಗೂ ಜಗತ್ತಿನ ಇತರ ದೂರದರ್ಶಕಗಳಿಗೂ ಎಷ್ಟೆಷ್ಟು ಹೊತ್ತಿಗೆ ತಲುಪುತ್ತದೆ ಎಂದು ಅಳೆದು, ಅದರಿಂದ ಖಂಡಗಳ ಚಲನೆ, ಭೂಮಿಯ ಸುತ್ತುವಿಕೆಯ ಏರುಪೇರು ಲೆಕ್ಕ ಹಾಕುತ್ತಾರೆ. ಆ ಸಂಕೇತದ ಮುಂದೆ ನಿಮ್ಮ ಜೇಬಿನ ಫೋನು ಜಾತ್ರೆಯ ಧ್ವನಿವರ್ಧಕ.

ವೈ-ಫೈ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ, ಬ್ಲೂಟೂತ್ 2.4ರಲ್ಲಿ. ಎರಡೂ ನಿಷಿದ್ಧ ಪಟ್ಟೆಯೊಳಗೇ ಬೀಳುತ್ತವೆ. ವಿಮಾನ ಹತ್ತುವಾಗ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿದರೆ ಊರು ಬಿಡುವ ತನಕ ಹಾಗೆಯೇ ಇರಬೇಕು. ಇಂಟರ್‌ನೆಟ್ ಇಲ್ಲವೆಂದಲ್ಲ, 2015ರಿಂದ ಸಮುದ್ರದಡಿಯ ಫೈಬರ್ ಕೇಬಲ್ ಇದೆ, ವೇಗವೂ ಚೆನ್ನಾಗಿದೆ. ತಂತಿಯ ಮೂಲಕ ಮಾತ್ರ. ಲ್ಯಾಪ್‌ಟಾಪಿಗೆ ಈಥರ್ನೆಟ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಒಯ್ಯಿರಿ. ಫೋನಿಗೂ ಅಂಥದೊಂದು ಸಿಗುತ್ತದೆ.

ಜನ ಎಡವುವುದು ಫೋನಿನಲ್ಲಲ್ಲ, ಮರೆತೇಹೋದ ಸಣ್ಣಪುಟ್ಟ ವಸ್ತುಗಳಲ್ಲಿ. ನಿಸ್ತಂತು ಮೌಸು, ಕೀಬೋರ್ಡು, ಕೈಗಡಿಯಾರ, ಇಯರ್‌ಬಡ್ಸ್, ಫೋಟೊ ಕಳಿಸಲು ತನ್ನದೇ ವೈ-ಫೈ ಎಬ್ಬಿಸುವ ಕ್ಯಾಮೆರಾ. ಉಪಕರಣಗಳಲ್ಲಿ ಇನ್ನೂ ಕೆಟ್ಟದ್ದಿದೆ. ಈಚಿನ ಮಣ್ಣಿನ ತೇವಮಾಪಕ, ಪಿಎಚ್ ಮಾಪಕಗಳಲ್ಲಿ ಕೆಲವಕ್ಕೆ ಪರದೆಯೇ ಇರುವುದಿಲ್ಲ, ಎಲ್ಲವೂ ಬ್ಲೂಟೂತ್ ಆ್ಯಪ್ ಮೂಲಕ. ಅಂಥದ್ದು ಅಲ್ಲಿ ಕಲ್ಲಿಗೆ ಸಮ. ವಿದ್ಯಾರ್ಥಿಗಳು ಅಗ್ಗಕ್ಕೆ ಕಟ್ಟುವ ಲಾಗರ್‌ಗಳಲ್ಲಿ ಇಎಸ್‌ಪಿ32 ಬೋರ್ಡು ಸಾಮಾನ್ಯ, ಅದರೊಳಗೇ ವೈ-ಫೈ ಮತ್ತು ಬ್ಲೂಟೂತ್ ಕೂತಿವೆ. ತಂತ್ರಾಂಶದಲ್ಲಿ ಆರಿಸಿದ್ದೇವೆ ಎಂದು ಹೇಳಿ ಒಪ್ಪಿಸುವುದಕ್ಕಿಂತ ರೇಡಿಯೊ ಇಲ್ಲದ ಬೋರ್ಡನ್ನೇ ಬಳಸುವುದು ಜಾಣತನ. ಡ್ರೋನುಗಳ ನಿಯಂತ್ರಣ ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್, ಅದೂ ಮುಗಿಯಿತು. ಜಿಪಿಎಸ್ ಬರೀ ಕೇಳುವ ಯಂತ್ರ, ತೊಂದರೆಯಿಲ್ಲ. ಹಿಮಪಾತದಲ್ಲಿ ಹೂತವರನ್ನು ಹುಡುಕುವ ಬೀಕನ್ 457 ಕಿಲೊಹರ್ಟ್ಸ್, ಅದೂ ಸರಿ. 2 ಗಿಗಾಹರ್ಟ್ಸ್‌ಗಿಂತ ಕೆಳಗೆ ಪ್ರಸಾರ ಮಾಡುವ ಯಂತ್ರವಿದ್ದರೂ ಹೇಳದೆ ಹಚ್ಚಬೇಡಿ, ಪಕ್ಕದ ಇನ್ನೊಬ್ಬರ ರಿಸೀವರ್ ಅದೇ ಪಟ್ಟೆಯಲ್ಲಿರಬಹುದು.

ಹಾಗಾದರೆ ದತ್ತಾಂಶ ತರುವುದು ಹೇಗೆ? ಹಳೆಯ ದಾರಿ: ಮೆಮೊರಿ ಕಾರ್ಡು, ಆರ್‌ಎಸ್-485 ತಂತಿ, ಈಥರ್ನೆಟ್. ಆರ್‌ಎಸ್-485 ಕಿಲೊಮೀಟರಿನಷ್ಟು ದೂರಕ್ಕೂ ಎಳೆಯಬಹುದು, ಚಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊರಡುವ ಒಂದು ತಿಂಗಳು ಮುಂಚೆ ನಿಮ್ಮ ಪ್ರಯೋಗಾಲಯದ ರೂಟರ್ ಆರಿಸಿ, ಎಲ್ಲ ಉಪಕರಣಗಳನ್ನು ಫ್ಲೈಟ್ ಮೋಡ್‌ನಲ್ಲಿಟ್ಟು ಒಂದು ವಾರ ಪೂರ್ತಿ ಓಡಿಸಿ ನೋಡಿ. ಮೂರನೆಯ ದಿನ ಯಾವುದೋ ಒಂದು ತಂತ್ರಾಂಶ ಪರವಾನಗಿ ನವೀಕರಿಸಲು ನಿಸ್ತಂತು ಸಂಪರ್ಕ ಕೇಳುತ್ತದೆ, ಇನ್ನಾವುದೋ ಗಡಿಯಾರ ಸಮಯ ಸರಿಪಡಿಸಿಕೊಳ್ಳಲು ಫೋನನ್ನು ಹುಡುಕುತ್ತದೆ. ಅದು ಬೆಂಗಳೂರಲ್ಲಿ ಗೊತ್ತಾದರೆ ಅರ್ಧ ದಿನದ ಕೆಲಸ. ಇಷ್ಟೆಲ್ಲ ಬಿಗಿಯಾದರೂ ಈ ನಿಯಮಕ್ಕೆ ಪೂರ್ತಿ ಅಂಕ ಕೊಡಬೇಕು. ಮೆಸ್ಸಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುವುದಕ್ಕೂ ಇದೇ ಕಾರಣ ಎನ್ನುವುದು ಬೇರೆ ಮಾತು.

ಚಳಿ ಕೆಡಿಸುವ ವಸ್ತುಗಳಲ್ಲಿ ಮೊದಲನೆಯದು ಬ್ಯಾಟರಿ. ಸಾಮಾನ್ಯ ಕ್ಷಾರೀಯ ಸೆಲ್ ಮೈನಸ್ 20ರ ಹೊತ್ತಿಗೆ ಸೋತುಬಿಡುತ್ತದೆ. ಒಮ್ಮೆ ಬಳಸಿ ಎಸೆಯುವ ಲಿಥಿಯಂ ಎಎ ಸೆಲ್ ಮೈನಸ್ 40ರವರೆಗೆ ಎಳೆಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ತುಂಬಿದ್ದರೆ ಅಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟಿಸಲಾಗದು, ಖಾಲಿಯಾದದ್ದು ಮಾತ್ರ ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಹೊಟ್ಟೆ ಒಡೆದುಕೊಳ್ಳುತ್ತದೆ. ಕಾರಣ ಸರಳ: ಕರೆಂಟು ಬರಿದಾಗುತ್ತಿದ್ದಂತೆ ಒಳಗಿನ ಆಮ್ಲ ನೀರಾಗುತ್ತಾ ಹೋಗುತ್ತದೆ. ಚಳಿಗಾಲಕ್ಕೆ ಬಿಟ್ಟುಬರುವ ಕೇಂದ್ರಕ್ಕೆ ಸೌರಫಲಕ ನಂಬಬೇಡಿ, ನಾಲ್ಕು ತಿಂಗಳು ಸೂರ್ಯನೇ ಇಲ್ಲ. ಎರಡನೆಯದು ತಂತಿ. ಅಗ್ಗದ ಪಿವಿಸಿ ಹೊದಿಕೆ ಚಳಿಯಲ್ಲಿ ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ, ಸಿಲಿಕೋನ್ ಅಥವಾ ಪಾಲಿಯುರೆಥೇನ್ ಹೊದಿಕೆಯದ್ದನ್ನೇ ಕೊಳ್ಳಿ. ಮೂರನೆಯದು ಬೆವರುವ ಗಾಜು. ಹೊರಗಿನ ತಣ್ಣನೆಯ ಕ್ಯಾಮೆರಾವನ್ನು ನೇರ ಬೆಚ್ಚನೆಯ ಕೋಣೆಗೆ ತಂದರೆ ಲೆನ್ಸಿನ ಒಳಗೂ ನೀರು ಕಟ್ಟುತ್ತದೆ. ಒಳಬರುವ ಮುಂಚೆ, ಹೊರಗೇ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಎರಡು ಮೂರು ಗಂಟೆ ಕಳೆದು ತೆರೆದರೆ ನೀರೆಲ್ಲ ಚೀಲದ ಮೇಲಿರುತ್ತದೆ. ಸೂರ್ಯನ ವಿಕಿರಣ ಅಳೆಯುವ ಗಾಜಿನ ಗುಮ್ಮಟಗಳ ಮೇಲೆ ಹಿಮ ಕಟ್ಟಿಕೊಂಡರೆ ಅಂಕಿಗಳು ನಂಬಲರ್ಹವಾಗಿ ಕಾಣುತ್ತಲೇ ಸುಳ್ಳು ಹೇಳುತ್ತವೆ. ಗಾಳಿ ಊದುವ, ಬಿಸಿ ಮಾಡುವ ಹೊದಿಕೆ ಬೇಕು, ದಿನಕ್ಕೊಮ್ಮೆ ಒರೆಸುವ ಕೈಯೂ ಬೇಕು.

ಕೋವಿಯ ವಿಚಾರ. ಊರ ಗಡಿ ದಾಟಿದರೆ ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಜೊತೆಗಿರಲೇಬೇಕು ಎಂಬುದು ಸ್ವಾಲ್ಬಾರ್ಡ್‌ನ ಕಾನೂನು, ಬಂದೂಕನ್ನೂ ಒಯ್ಯಿರಿ ಎಂಬುದು ಗವರ್ನರ್ ಕಚೇರಿಯ ಸಲಹೆ. ಊರಲ್ಲೇ ತರಬೇತಿ ಮುಗಿಸಿ, ಗುರಿ ಹೊಡೆದು ತೋರಿಸಿದವರಿಗೆ ರೈಫಲ್ ಮತ್ತು ಬೆಳಕಿನ ಗುಂಡು ಹಾರಿಸಿ ಬೆದರಿಸುವ ಪಿಸ್ತೂಲು ಬಾಡಿಗೆಗೆ ಸಿಗುತ್ತವೆ. ರೈಫಲ್ .308 ಅಥವಾ .30-06ಕ್ಕಿಂತ ಸಣ್ಣದಾಗಿರಬಾರದು. ಒಯ್ಯುವ ಕ್ರಮ: ಮ್ಯಾಗಜಿನ್‌ನಲ್ಲಿ ಗುಂಡು, ಕೊಳವೆ ಖಾಲಿ. ಊರೊಳಗೆ ಬರುವ ಮುಂಚೆ ಪೂರ್ತಿ ಖಾಲಿ. ತಣ್ಣಗಿರುವ ಕೋವಿಯನ್ನು ಬೆಚ್ಚನೆಯ ಕೋಣೆಗೆ ತಂದು ಮತ್ತೆ ಹೊರಗೊಯ್ದರೆ ಒಳಗಿನ ತೇವ ಹೆಪ್ಪುಗಟ್ಟಿ ಬೋಲ್ಟು ಅಲುಗುವುದಿಲ್ಲ. ಎಣ್ಣೆ ಹೆಚ್ಚು ಹಚ್ಚಿದರೂ ಅದು ಗಟ್ಟಿಯಾಗಿ ಪಿನ್ನು ನಿಧಾನವಾಗುತ್ತದೆ. ಹಿಮಕರಡಿ 1973ರಿಂದ ಪೂರ್ಣ ರಕ್ಷಿತ ಪ್ರಾಣಿ, ಕೊಂದರೆ ತನಿಖೆ ಖಚಿತ. 2025ರ ಜನವರಿಯಿಂದ ಅದರಿಂದ 300 ಮೀಟರು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರು ದೂರವಿರುವುದು ಕಡ್ಡಾಯ. ಊರಿನ ಮನೆಬಾಗಿಲಿಗೆ ಬೀಗ ಹಾಕದಿರುವುದಕ್ಕೂ ಕರಡಿಯೇ ಕಾರಣ, ಯಾರೇ ಓಡಿಬಂದರೂ ಎದುರಿಗೆ ಸಿಕ್ಕ ಬಾಗಿಲು ತೆರೆಯಬೇಕು. ಅಂದಹಾಗೆ ಜೂನ್, ಜುಲೈನಲ್ಲಿ ದಿನವೂ ದಾಳಿ ಮಾಡುವುದು ಕರಡಿಯಲ್ಲ, ಆರ್ಕ್ಟಿಕ್ ಟರ್ನ್ ಹಕ್ಕಿ. ದಾರಿ ಬದಿಯಲ್ಲೇ ಮೊಟ್ಟೆಯಿಟ್ಟು ಹಾದುಹೋಗುವವರ ನೆತ್ತಿಗೆ ಕುಕ್ಕುತ್ತದೆ. ಒಂದು ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಡೆದರೆ ಅದು ಕೋಲಿನ ತುದಿಗೆ ಕುಕ್ಕಿ ಸಮಾಧಾನ ಪಡುತ್ತದೆ.

ಕೆಲಸದ ಜಾಗಗಳಲ್ಲಿ ಮೂರು ಮುಖ್ಯ. ಊರ ಹಿಂದಿನ ಬೆಟ್ಟದ ಮೇಲೆ, ಸುಮಾರು 475 ಮೀಟರು ಎತ್ತರದಲ್ಲಿ ಜೆಪ್ಪೆಲಿನ್ ವೀಕ್ಷಣಾಲಯ. ಊರಿನ ಡೀಸೆಲ್ ಹೊಗೆ ಬಹುಪಾಲು ದಿನ ಕೆಳಗಿನ ತಣ್ಣನೆಯ ಗಾಳಿಪದರದಲ್ಲೇ ಸಿಕ್ಕಿಕೊಳ್ಳುವುದರಿಂದ ಅಲ್ಲಿ ಸಿಗುವ ಗಾಳಿ ದೂರದಿಂದ ಬಂದದ್ದು, ಇಂಗಾಲದ ಡೈಆಕ್ಸೈಡಿನ ಹಿನ್ನೆಲೆ ಮಟ್ಟ ಅಳೆಯಲು ಹೇಳಿ ಮಾಡಿಸಿದ ಜಾಗ. ಹೋಗುವುದು ಪುಟ್ಟ ಕೇಬಲ್ ಕಾರಿನಲ್ಲಿ, ಗಾಳಿ ಜೋರಾದರೆ ಅದು ನಿಲ್ಲುತ್ತದೆ. ಎರಡನೆಯದು ಗ್ರೂವೆಬಾಡೆಟ್, ಅಂದರೆ ಗಣಿ ಸ್ನಾನದ ಮನೆ. ಕರಿ ಮೈ ತೊಳೆದುಕೊಳ್ಳುತ್ತಿದ್ದ ಜಾಗದಲ್ಲಿ ಈಗ ಗಾಳಿಯ ಕರಿಕಣ ಎಣಿಸುತ್ತಾರೆ. ಭಾರತದ ವಾಯುಮಂಡಲ ಉಪಕರಣಗಳು 2016ರಿಂದ ಇಲ್ಲಿವೆ. ಗಾಳಿ ಊರ ಕಡೆಯಿಂದ ಬೀಸಿದ ಗಂಟೆಗಳನ್ನು ದತ್ತಾಂಶದಿಂದ ತೆಗೆದುಹಾಕದಿದ್ದರೆ ನೀವು ಅಳೆದದ್ದು ಆರ್ಕ್ಟಿಕ್ಕನ್ನಲ್ಲ, ಜನರೇಟರನ್ನು. ಮೂರನೆಯದು 2005ರ ಕಡಲ ಪ್ರಯೋಗಾಲಯ, ಹರಿಯುವ ಸಮುದ್ರದ ನೀರನ್ನು ತೊಟ್ಟಿಗಳಿಗೇ ತಂದುಕೊಡುತ್ತದೆ.

ಕಾಂಗ್ಸ್‌ಫ್ಯೋರ್ಡ್‌ನ ನೀರೊಳಗೆ ನಮ್ಮದೇ ಒಂದಿದೆ: 2014ರ ಜುಲೈನಲ್ಲಿ 192 ಮೀಟರು ಆಳದಲ್ಲಿ ಲಂಗರು ಹಾಕಿದ ಇಂಡ್‌ಆರ್ಕ್. ಉಷ್ಣತೆ, ಲವಣಾಂಶ, ಹರಿವು ಅಳೆಯುವ ಸೆನ್ಸರ್‌ಗಳ ಸರಮಾಲೆ. ಒಳಗೆ ನುಗ್ಗುವ ಅಟ್ಲಾಂಟಿಕ್ ನೀರೂ ಹಿಮನದಿ ಕರಗಿದ ಸಿಹಿನೀರೂ ಇಲ್ಲಿ ಕಲೆಯುತ್ತವೆ, ಅದಕ್ಕೇ ಈ ಜಾಗ. ಇಂಥ ಲಂಗರಿನ ಕಷ್ಟವೆಂದರೆ ಯಂತ್ರ ಕೆಟ್ಟದ್ದು ತಿಳಿಯುವುದು ಮೇಲೆತ್ತಿದ ಮೇಲೆಯೇ. ಸೆನ್ಸರ್ ಮೇಲೆ ಪಾಚಿ ಹತ್ತುತ್ತದೆ, ಬ್ಯಾಟರಿ ಲೆಕ್ಕ ತಪ್ಪುತ್ತದೆ. ಒಂದೇ ಆಳಕ್ಕೆ ಎರಡು ಬೇರೆ ಬೇರೆ ಕಂಪನಿಯ ಮಾಪಕ ಹಾಕುವುದು ದುಬಾರಿ, ಆದರೆ ವರ್ಷದ ದತ್ತಾಂಶ ಕಳೆದುಕೊಳ್ಳುವುದಕ್ಕಿಂತ ಅಗ್ಗ.

2023ರ ಡಿಸೆಂಬರ್‌ವರೆಗೆ ಹಿಮಾದ್ರಿಯಲ್ಲಿ ಭಾರತೀಯರು ವರ್ಷಕ್ಕೆ ಸುಮಾರು 180 ದಿನ ಮಾತ್ರ ಇರುತ್ತಿದ್ದರು, ಚಳಿಗಾಲದಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಮೊದಲ ಚಳಿಗಾಲದ ತಂಡ ಹೋದದ್ದು ಆಗ. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ಅವರ ಕೆಲಸ ಈ ಊರಿನ ಮೌನ ಎಷ್ಟು ನಿಜ ಎಂದು ಪರೀಕ್ಷಿಸುವುದು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ನಿನ ಕ್ಷೀಣ ಸಂಕೇತವನ್ನು ಹುಡುಕುವ ಅವರ ಸಾರಸ್ ಆಂಟೆನಾ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ತೇಲಿತ್ತು. ಅದು ಕೇಳಿಸಿಕೊಳ್ಳುವುದು 200 ಮೆಗಾಹರ್ಟ್ಸ್‌ಗಿಂತ ಕೆಳಗಿನ ಪಟ್ಟೆಯಲ್ಲಿ. ನೀ-ಓಲೆಸುಂಡ್‌ನ ನಿಷೇಧ ಶುರುವಾಗುವುದೇ 2,000 ಮೆಗಾಹರ್ಟ್ಸ್‌ನಿಂದ. ಕಾನೂನಿನ ಮೌನ ಅವರ ಪಟ್ಟೆಯನ್ನು ಕಾಯುವುದಿಲ್ಲ. ಜನವಸತಿ ಕಡಿಮೆ, ಎಫ್‌ಎಂ ಗೋಪುರಗಳು ದೂರ ಎಂಬುದು ಮಾತ್ರ ಆಸರೆ. ಹಾಗಾಗಿ ಅಳೆದೇ ನೋಡಬೇಕಿತ್ತು. ರೇಡಿಯೊ ಮೌನದ ಊರು ಎಂಬ ಹೆಸರು ನೋಡಿ ಕಡಿಮೆ ಆವರ್ತನದ ಪ್ರಯೋಗಕ್ಕೆ ಅರ್ಜಿ ಹಾಕುವವರು ಈ ಅಂಕಿಯನ್ನು ಗಮನಿಸಲಿ.

ಚಳಿಗಾಲಕ್ಕೆ ಹೋಗುವವರಿಗೆ ಸೇವೆಯ ಗುಣಮಟ್ಟ ಬೇರೆ. ಅಕ್ಟೋಬರ್ ಕೊನೆಯ ವಾರದಿಂದ ಫೆಬ್ರುವರಿ ಮಧ್ಯದವರೆಗೆ ಸೂರ್ಯ ಕಾಣುವುದಿಲ್ಲ. ಬೇಸಿಗೆಯಲ್ಲಿ ನೂರು ದಾಟುವ ಊರು ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಮೆಸ್ಸಿನಲ್ಲಿ ಸಾಲು ಇಲ್ಲ, ಪ್ರಯೋಗಾಲಯದಲ್ಲಿ ಜಾಗ ಧಾರಾಳ, ಹಿಮವಾಹನದಲ್ಲಿ ಹಿಮನದಿ ತಲುಪುವುದು ಬೇಸಿಗೆಯ ಕೆಸರಿಗಿಂತ ಸುಲಭ. ಆದರೆ ಕತ್ತಲಲ್ಲಿ ಕರಡಿ ಕಾಣುವುದಿಲ್ಲ, ವಿಮಾನ ತಡವಾದರೆ ದಿನಗಟ್ಟಲೆ ತಡ, ಆಸ್ಪತ್ರೆ ಇರುವುದು ಲಾಂಗ್‌ಇಯರ್‌ಬೀನ್‌ನಲ್ಲಿ. ಹಲ್ಲು ನೋವಿದ್ದರೆ ನಮ್ಮೂರಲ್ಲೇ ಕೀಳಿಸಿಕೊಂಡು ಹೊರಡಿ. ಹಣೆದೀಪ ಎರಡು ಒಯ್ಯಿರಿ, ಎರಡೂ ಎಎ ಸೆಲ್ ಹಾಕುವಂಥವು, ಬ್ಲೂಟೂತ್ ಇಲ್ಲದವು. ಈಚಿನ ಹಣೆದೀಪಗಳಲ್ಲೂ ಅದನ್ನು ತುರುಕಿದ್ದಾರೆ.